ನಿಂಗಮ್ಮನ ಸೀಟಿನ ಕೆಳಗಿನ ಬಿರುಕು

ಕೊರೋನಾ ಕಳೆದು ಎರಡನೆಯ ಚಳಿಗಾಲ. ಶಹಾಪುರದಲ್ಲಿ ನನ್ನ ಸ್ವಂತ ಗ್ಯಾರೇಜು ಶುರುವಾಗಿ ಆಗ ಇಪ್ಪತ್ತೊಂದು ವರ್ಷ ಆಗಿತ್ತು, ನನಗೆ ಐವತ್ತೆಂಟು. ಅದಕ್ಕೂ ಮೊದಲು ಕಲಬುರಗಿಯಲ್ಲಿ ಐಟಿಐ ಮುಗಿಸಿ, ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ದಿನಗೂಲಿಯ ಮೇಲೆ ಜೀಪು, ಟಿಪ್ಪರುಗಳ ಕೆಲಸ ಮಾಡಿದ್ದೆ. ಊರಲ್ಲಿ ನನ್ನನ್ನು ಮೌಲಾಲಿ ಮಿಸ್ತ್ರಿ ಅನ್ನುತ್ತಾರೆ. ಗಾಡಿ ರಿಪೇರಿ ಮಾಡುವವನಿಗೆ ನಮ್ಮ ಕಡೆ ಮಿಸ್ತ್ರಿ ಅನ್ನುವುದೇ ರೂಢಿ. ಮಿಸ್ತ್ರಿಗಳು ಕೂತು ಮಾತಾಡಿದರೆ ತಾವು ಗೆದ್ದ ಗಾಡಿಗಳ ಕಥೆಯನ್ನೇ ಹೇಳುತ್ತಾರೆ, ನಾನೂ ಬೇಕಾದಷ್ಟು ಹೇಳಿದ್ದೇನೆ. ಇದು ಸೋತ ಗಾಡಿಯ ಕಥೆ. ಮೊದಲೇ ಹೇಳಿಬಿಡುತ್ತೇನೆ, ಓದುವವರಿಗೆ ಕೊನೆಯಲ್ಲಿ ಮೋಸ ಅನ್ನಿಸಬಾರದು.

ಮಾಳಪ್ಪ ಸುರಪುರದ ಆಚೆಯ ಒಂದು ಹಳ್ಳಿಯವನು. ಕುರಿ ಸಾಕುವ ಮನೆತನ. ಹೆಂಡತಿ ನಿಂಗಮ್ಮಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದಾಗ ಇದ್ದ ಅರವತ್ತು ಕುರಿಗಳ ಹಿಂಡನ್ನು ಮಾರಿ, ಹತ್ತು ವರ್ಷ ಓಡಿದ್ದ ಒಂದು ಪೆಟ್ರೋಲ್ ವ್ಯಾನ್ ಕೊಂಡ. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಆಕೆಯನ್ನು ಯಾದಗಿರಿಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಅಷ್ಟು ಹೊತ್ತಿಗೆ ತಲುಪಿಸುವ ಬಸ್ಸು ಅವರ ಊರಿಗಿರಲಿಲ್ಲ, ಹೊರಳಿ ಬರುವಾಗ ಬಸ್ಸಿನಲ್ಲಿ ನಿಲ್ಲುವ ತ್ರಾಣ ಆಕೆಗಿರಲಿಲ್ಲ. ಹೀಗಾಗಿ ನಲವತ್ತೆಂಟನೆಯ ವಯಸ್ಸಿಗೆ ಮಾಳಪ್ಪ ಸ್ಟಿಯರಿಂಗ್ ಹಿಡಿಯಲು ಕಲಿತ. ಕುರಿಗಳ ಬಗ್ಗೆ ಮಾತಾಡುವ ಹಾಗೆಯೇ ಗಾಡಿಯ ಬಗ್ಗೆಯೂ ಮಾತಾಡುತ್ತಿದ್ದ.

"ಮಿಸ್ತ್ರಿ, ಗಾಡಿಗಿ ದಮ್ಮು ಹತ್ತೈತ್ರಿ," ಎಂದ, ಮೊದಲ ಸಲ ಬಂದಾಗ. "ಕರಿ ಹೊಗಿ ಬಿಡಾಕತ್ತೈತಿ. ಎಷ್ಟ್ ಪೆಟ್ರೋಲ್ ಹಾಕಿದ್ರೂ ಸಾಲವಲ್ದು. ಮುಂದ ಒಂದು ಹಳದಿ ದೀಪ ಹತ್ತೈತಿ, ಆರವಲ್ದು."

ಹೊಗೆಯ ಬಣ್ಣ ನೋಡಿ ಅರ್ಧ ರೋಗ ಹೇಳಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿದೆ. ಕರಿ ಹೊಗೆ ಎಂದರೆ ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿದೆ, ಪೂರ್ತಿ ಉರಿಯದೆ ಮಸಿಯಾಗಿ ಬರುತ್ತಿದೆ. ಮಾಳಪ್ಪನ ಗಾಡಿಯ ಸೈಲೆನ್ಸರ್ ಬಾಯಿಗೆ ಬೆರಳು ಹಾಕಿದೆ. ಒಲೆಯ ಮೇಲಿನ ಗಡಿಗೆಯ ತಳ ಮುಟ್ಟಿದ ಹಾಗೆ ಬೆರಳು ಕರ್ರಗಾಯಿತು. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಹತ್ತಕ್ಕೆ ಇಳಿದಿತ್ತು.

ಹಳದಿ ದೀಪ ಎಂದರೆ ಚೆಕ್ ಎಂಜಿನ್ ಲೈಟ್. ಗಾಡಿಯೊಳಗಿನ ಕಂಪ್ಯೂಟರಿಗೆ ಏನಾದರೂ ಸರಿ ಕಾಣದಿದ್ದರೆ ಅದನ್ನು ಹೊತ್ತಿಸುತ್ತದೆ. ಸ್ಕ್ಯಾನರ್ ಹಚ್ಚಿ ನೋಡಿದೆ. ಪಿ-೦೧೭೧ ಎಂಬ ಕೋಡ್ ಬಂತು. ಅದರ ಅರ್ಥ, ಪೆಟ್ರೋಲ್ ಸಾಲುತ್ತಿಲ್ಲ. ಎಕ್ಸಾಸ್ಟ್ ಕೊಳವೆಯಲ್ಲಿ ಹೆಬ್ಬೆರಳಷ್ಟು ದಪ್ಪದ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಉರಿದು ಬಂದ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಮೂಸಿ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಗಾಡಿ ಸರಿಯಿದ್ದರೆ ಅದರ ವೋಲ್ಟೇಜು ೦.೧ರಿಂದ ೦.೯ರವರೆಗೆ ಏರಿಳಿಯುತ್ತಲೇ ಇರಬೇಕು. ಇದು ೦.೧ರ ಬಳಿಯೇ ಕೂತುಬಿಟ್ಟಿತ್ತು. ಆಮ್ಲಜನಕ ಹೆಚ್ಚಿದೆ, ಪೆಟ್ರೋಲ್ ಕೊಡು, ಪೆಟ್ರೋಲ್ ಕೊಡು ಎಂದು ಅದು ಬಡಿದುಕೊಳ್ಳುತ್ತಿತ್ತು, ಕಂಪ್ಯೂಟರು ಶೇಕಡಾ ಇಪ್ಪತ್ತೈದರಷ್ಟು ಹೆಚ್ಚು ಸುರಿಯುತ್ತಿತ್ತು.

ಹೊಗೆ ಹೇಳುವುದು ಪೆಟ್ರೋಲ್ ಹೆಚ್ಚು ಎಂದು. ಸೆನ್ಸರ್ ಹೇಳುವುದು ಪೆಟ್ರೋಲ್ ಕಡಿಮೆ ಎಂದು. ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿರಬೇಕು ಎಂದು ನಾನು ತೀರ್ಮಾನಿಸಿದೆ. ಹೊಗೆಯನ್ನು ಕಣ್ಣಾರೆ ಕಂಡಿದ್ದೆ, ಸೆನ್ಸರ್ ಹತ್ತು ವರ್ಷ ಹಳತು. ಸುಳ್ಳುಗಾರ ಯಾರೆಂದು ಹೇಳಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಆ ಸೊಕ್ಕಿಗೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಈ ನಮೂನೆಯ ವ್ಯಾನಿನಲ್ಲಿ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಎಡಗಡೆಯ ಸೀಟು ಎತ್ತಿ ಸೆನ್ಸರ್ ಬದಲಿಸಿದೆ. ಸೀಟಿನ ತಗಡು ಕೂರುವ ಅಂಚಿಗೆ ಸುತ್ತಲೂ ರಬ್ಬರಿನ ಬೀಡಿಂಗ್ ಇರುತ್ತದೆ, ಎಂಜಿನ್ನಿನ ಬಿಸಿ ಮತ್ತು ವಾಸನೆ ಒಳಗೆ ಬರದ ಹಾಗೆ. ಹತ್ತು ವರ್ಷದ ಬಿಸಿಗೆ ಅದು ಒಣಗಿ ಹಪ್ಪಳವಾಗಿತ್ತು, ಎತ್ತುವಾಗಲೇ ಮುರಿದು ಕೈಗೆ ಬಂತು. ಕಸದ ಡಬ್ಬಿಗೆ ಹಾಕಿದೆ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೀಡಿಂಗ್ ಇಲ್ಲದೆ ಓಡುವ ವ್ಯಾನುಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೆ. ಸೀಟು ಕೂರಿಸಿದೆ, ದೀಪ ಆರಿತು, ಮಾಳಪ್ಪ ಕೈಮುಗಿದು ಹೋದ.

ಎರಡು ವಾರಕ್ಕೆ ದೀಪ ಮತ್ತೆ ಹತ್ತಿತು. ಯಾದಗಿರಿಯಿಂದ ಹೊರಳುವಾಗ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಅವತ್ತು ನಿಂಗಮ್ಮಳನ್ನು ಮೊದಲ ಸಲ ನೋಡಿದೆ. ನಲವತ್ತೈದರ ಹೆಂಗಸು, ತಲೆ ತುಂಬ ಸೆರಗು, ಮೇಲೆ ಕಂಬಳಿ, ಎಡಗೈ ಮೇಲೆ ಹತ್ತಿಯ ಪಟ್ಟಿ. ಮುಂದಿನ ಸೀಟಿನಲ್ಲಿ, ಗಾಜು ಏರಿಸಿಕೊಂಡು ಕೂತಿದ್ದಳು. ಡಯಾಲಿಸಿಸ್ ಆದ ಮೇಲೆ ಚಳಿ ಹತ್ತುತ್ತದಂತೆ.

"ಅಣ್ಣ, ಆ ದೀಪ ಹತ್ತಿದ್ರ ನನ್ನ ಜೀವ ಬಾಯಿಗಿ ಬರ್ತೈತಿ," ಎಂದಳು. "ಊರು ಬಿಟ್ಟಾಗಿಂದ ಅದನ್ನ ನೋಡಕೋತ ಕುಂದರ್ತೀನಿ. ನಡು ಹಾದ್ಯಾಗ ಗಾಡಿ ನಿಂತ್ರ ನನ್ನ ಪಾಳಿ ತಪ್ತೈತಿ. ಪಾಳಿ ತಪ್ಪಿದ್ರ ನಾ ಉಳ್ಯಾಂಗಿಲ್ಲ."

ಕನಿಕರ ಬಂತು. ಮತ್ತೆ ಸ್ಕ್ಯಾನರ್ ಹಚ್ಚಿದರೆ ಅದೇ ಕೋಡ್. ಹೊಸ ಸೆನ್ಸರೇ ಕಳಪೆ ಬಂದಿರಬೇಕು ಎಂದುಕೊಂಡೆ, ಬೇರೆ ತರಿಸುತ್ತೇನೆ ಎಂದೆ. ಅಲ್ಲಿಯವರೆಗೆ ಏನು ಮಾಡುವುದು? ಗಾಡಿ ಓಡುತ್ತಿದ್ದರೆ ದೀಪಕ್ಕೆ ಒಂದು ತುಂಡು ಟೇಪು ಅಂಟಿಸಿ ಕಳಿಸುವುದು ನಮ್ಮ ಕಡೆ ದಿನನಿತ್ಯದ ಕೆಲಸ. ಕರಿ ಇನ್ಸುಲೇಶನ್ ಟೇಪಿನ ಒಂದು ತುಂಡು ಕತ್ತರಿಸಿ, ಮೀಟರಿನ ಗಾಜಿನ ಮೇಲೆ ಆ ದೀಪವಷ್ಟೇ ಮುಚ್ಚುವ ಹಾಗೆ ಅಂಟಿಸಿದೆ. "ಈಗ ಆರಾಮ ಕುಂದರು ತಂಗಿ, ದೀಪ ಇಲ್ಲ," ಎಂದೆ. ಆಕೆ ನಕ್ಕಳು. ಆಕೆಗೆ ಒಂದು ಉಪಕಾರ ಮಾಡಿದೆ ಎಂದೇ ನಂಬಿದ್ದೆ.

ಅದಾಗಿ ಮೂರು ವಾರ ಕಳೆದಿರಬಹುದು. ಬರಬೇಕಾದ ಸೆನ್ಸರ್ ಇನ್ನೂ ಬಂದಿರಲಿಲ್ಲ, ನಾನೂ ಬೆನ್ನು ಹತ್ತಿರಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಮಾಳಪ್ಪ ಒಬ್ಬನೇ ಬಂದ. ಶುಕ್ರವಾರ ಅವನು ಯಾದಗಿರಿಯಲ್ಲಿ ಇರಬೇಕಾದ ದಿನ.

"ಗಾಡಿ ಮಾರಿಸಿ ಕೊಡ್ರಿ ಮಿಸ್ತ್ರಿ," ಎಂದ. "ಇನ್ನ ಯಾರು ಕುಂದರ್ತಾರ ಇದರಾಗ? ಆಕಿ ಮಷಿನಿಗಿ ಒಲ್ಲೆ ಅಂತಾಳ. ಬುಧವಾರ ಹೋಗಲಿಲ್ಲ, ಇವತ್ತೂ ಹೋಗಲಿಲ್ಲ. ಆ ಮಷಿನ್ನೇ ನನ್ನ ಕೊಲ್ಲಾಕತ್ತೈತಿ, ಮನ್ಯಾಗ ಸಾಯ್ತೀನಿ ಅಂತ ಹಟಾ ಹಿಡದಾಳ."

ತಲೆ ಒಡೆದು ಹೋಗುವಷ್ಟು ನೋವು, ವಾಂತಿ, ಕಣ್ಣು ಮಂಜು. ಇದೆಲ್ಲ ಸುಮಾರು ಒಂದು ತಿಂಗಳಿಂದ ಹೆಚ್ಚಾಗಿದೆ ಎಂದ. ಡಯಾಲಿಸಿಸ್ ಆದವರಿಗೆ ಕೆಲವೊಮ್ಮೆ ಹೀಗಾಗುತ್ತದೆ, ತಡೆದುಕೊಳ್ಳಬೇಕು ಎಂದು ಎಲ್ಲರೂ ಸಮಾಧಾನ ಹೇಳಿದ್ದರು. ನಾನೂ ಅದನ್ನೇ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಇನ್ನೊಂದು ಮಾತು ಸೇರಿಸಿದ.

"ಈಗೀಗ ಹೋಗಾಗೇ ಸುರು ಆಗ್ತೈತ್ರಿ. ಭೀಮಾ ಬ್ರಿಜ್ ಬರೋದ್ರಾಗ ತಲಿ ಹಿಡ್ಕೊಂಡ್ ಕುಂತಿರ್ತಾಳ."

ಭೀಮಾ ನದಿಯ ಸೇತುವೆ ಇರುವುದು ಯಾದಗಿರಿಗೆ ಮೊದಲು. ಮಷಿನ್ ಇನ್ನೂ ಮೈಗೆ ಹಚ್ಚಿಯೇ ಇಲ್ಲ. ಹಾಗಿದ್ದ ಮೇಲೆ ಅಷ್ಟು ದೂರದಲ್ಲಿ ಆಕೆಯ ತಲೆಗೆ ನೋವು ಕೊಡುತ್ತಿರುವುದು ಯಾವುದು?

"ನೀ ಗಾಡಿ ನಡಸು. ನಾ ಆಕಿ ಸೀಟಿನ್ಯಾಗ ಕುಂದರ್ತೀನಿ," ಎಂದೆ.

ಎಡಗಡೆಯ ಗಾಜು ಏರಿಸಿ ಕೂತೆ. ಮಾಳಪ್ಪ ತನ್ನ ಕಡೆಯ ಗಾಜನ್ನು ಪೂರ್ತಿ ಇಳಿಸಿಯೇ ನಡೆಸುತ್ತಿದ್ದ. ಆಯುಷ್ಯವೆಲ್ಲ ಬಯಲಲ್ಲಿ ಕುರಿಗಳ ಹಿಂದೆ ಕಳೆದವನಿಗೆ ಮುಚ್ಚಿದ ಗಾಡಿಯಲ್ಲಿ ಉಸಿರು ಕಟ್ಟುತ್ತಿತ್ತಂತೆ. ಆ ತೆರೆದ ಕಿಟಕಿ ಅವನನ್ನು ಉಳಿಸಿತ್ತು. ಆದರೆ ಓಡುವ ಗಾಡಿಯಲ್ಲಿ ಒಂದು ಕಿಟಕಿ ಮಾತ್ರ ತೆರೆದಿದ್ದರೆ ಅದು ಒಳಗಿನ ಗಾಳಿಯನ್ನು ಹೊರಗೆಳೆಯುತ್ತದೆ, ಆ ಜಾಗಕ್ಕೆ ಸಿಕ್ಕ ಸಂದಿಯಿಂದ ಬೇರೆ ಗಾಳಿ ನುಗ್ಗುತ್ತದೆ. ಈ ಗಾಡಿಯಲ್ಲಿದ್ದ ದೊಡ್ಡ ಸಂದಿ ನನ್ನ ಸೀಟಿನ ಕೆಳಗೇ ಇತ್ತು, ಬೀಡಿಂಗ್ ಕಿತ್ತು ಅದನ್ನು ತೆರೆದವನು ನಾನೇ. ಭೀಮರಾಯನಗುಡಿ ದಾಟಿ ಒಂದಿಷ್ಟು ದೂರ ಹೋಗಿ ಹೊರಳಿದೆವು. ಅರ್ಧ ತಾಸು ಆಗಿರಬಹುದು. ಎರಡೂ ಕಣತಲೆ ಬಡಿಯತೊಡಗಿದವು, ಬಾಯಿಗೆ ನೀರು ಬಂತು. ಶಟರ್ ಎಳೆದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ಗೊತ್ತಿರುವ ಯಾವ ಮಿಸ್ತ್ರಿಗೂ ಈ ತಲೆನೋವಿನ ಗುರುತು ಇದೆ. ಪೆಟ್ರೋಲ್ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ಗ್ಯಾಸ್ ಅದು. ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ.

ಗ್ಯಾರೇಜಿಗೆ ಬಂದು ಇಳಿದಾಗ ನನಗೆ ಎಲ್ಲ ಗೊತ್ತಾಗಿತ್ತು. ಮಾಳಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. "ಏನಾಗೈತ್ರಿ?" ಎಂದ.

ಗ್ಯಾರೇಜಿನವರ ಬಾಯಿಗೆ ರೂಢಿಯಾದ ಒಂದು ಮಾತಿದೆ. ಗಿರಾಕಿ ಹೆದರಬಾರದೆಂದು ಏನಿದ್ದರೂ ಅದನ್ನೇ ಹೇಳಿ ಬಿಡುತ್ತೇವೆ. ನಾನೂ ಅದನ್ನೇ ಹೇಳಿದೆ: "ಸಣ್ಣ ಕೆಲಸ ಐತಿ. ಮಾರೂದು ಬ್ಯಾಡ. ಗಾಡಿ ಬಿಟ್ಟು ಹೋಗು, ಸೋಮವಾರ ರೆಡಿ ಆಗ್ತೈತಿ."

"ಆಕಿಗಿ ಏನ್ ಹೇಳಲಿ?"

"ಸೋಮವಾರ ಗಾಡಿ ಬರ್ತೈತಿ ಅಂತ ಹೇಳು," ಎಂದೆ. ಅವನು ಬಸ್ಸು ಹತ್ತಿ ಊರಿಗೆ ಹೋದ.

ಯಾಕೆ ಹೇಳಲಿಲ್ಲ? ನಾಚಿಕೆ. ಹೇಳಿದರೆ ಬೀಡಿಂಗ್ ಕಿತ್ತವನು ಯಾರು, ದೀಪ ಮುಚ್ಚಿದವನು ಯಾರು ಎಂಬ ಪ್ರಶ್ನೆ ಬರುತ್ತದೆ. ಮೊದಲು ಗಾಡಿ ಸರಿ ಮಾಡಿ, ಸರಿಯಾದ ಗಾಡಿಯನ್ನು ಕೈಗೆ ಕೊಟ್ಟು ಆಮೇಲೆ ನಿಧಾನಕ್ಕೆ ಹೇಳಿದರಾಯಿತು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಹಳ್ಳಿಯಲ್ಲಿ ಒಬ್ಬ ಹೆಂಗಸು ತನ್ನನ್ನು ಬದುಕಿಸುವ ಮಷಿನನ್ನು ಕೊಲೆಗಾರ ಎಂದು ತಿಳಿದು ಮಲಗಿದ್ದಾಳೆ, ಒಂದು ಫೋನ್ ಮಾಡಿದರೆ ಆಕೆ ಎದ್ದು ಹೊರಡಬಹುದು. ಇದು ನನಗೆ ತಿಳಿಯಲಿಲ್ಲ ಎಂದರೆ ಸುಳ್ಳು. ತಿಳಿದೂ ಬದಿಗಿಟ್ಟೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಶನಿವಾರ ಬೆಳಿಗ್ಗೆ, ಸೀಟು ಎತ್ತಿದೆ. ಸೈಲೆನ್ಸರ್ ಬಾಯಿಗೆ ಹಸಿ ಬಟ್ಟೆ ಒತ್ತಿ, ಗ್ಯಾರೇಜಿನ ಹುಡುಗನಿಂದ ಸ್ಟಾರ್ಟ್ ಮಾಡಿಸಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಸೋಪಿನ ನೀರು ಹೊಡೆದೆ. ಎಂಜಿನ್ನಿನಿಂದ ಹೊಗೆಯನ್ನು ಹೊರಗೆ ಒಯ್ಯುವ ಎರಕದ ಮೊದಲ ಕೊಳವೆ ಅದು. ಸೆನ್ಸರ್ ಕೂತಿದ್ದ ಜಾಗಕ್ಕಿಂತ ನಾಲ್ಕು ಬೆರಳು ಮೊದಲು, ಹಿಂಬದಿಯಲ್ಲಿ, ನೊರೆ ಗುಳುಗುಳು ಎದ್ದಿತು. ಕನ್ನಡಿ ಹಿಡಿದು ನೋಡಿದರೆ ಎರಡು ಇಂಚಿನ ಬಿರುಕು, ಸುತ್ತ ಮಸಿ.

ಆಗ ಎಲ್ಲ ಬಿಡಿಸಿಕೊಂಡಿತು. ಆ ಬಿರುಕಿನಿಂದ ಹೊಗೆ ಹೊರಗೆ ಚಿಮ್ಮುತ್ತಿತ್ತು. ಒಂದು ಚಿಮ್ಮುವಿಕೆಗೂ ಇನ್ನೊಂದಕ್ಕೂ ನಡುವಿನ ಕ್ಷಣದಲ್ಲಿ ಹೊರಗಿನ ಗಾಳಿಯನ್ನು ಒಳಗೆ ಹೀರುತ್ತಿತ್ತು. ಮುಂದೆ ಕೂತಿದ್ದ ಸೆನ್ಸರ್ ಆ ಗಾಳಿಯನ್ನು ಮೂಸಿ ಆಮ್ಲಜನಕ ಹೆಚ್ಚಿದೆ ಎಂದು ಹೇಳಿತು. ಹೇಳಿದ್ದು ಖರೆ. ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಸುರಿಯಿತು, ಸುರಿದ ಪೆಟ್ರೋಲ್ ಕರಿ ಹೊಗೆಯಾಯಿತು. ಅದೂ ಖರೆ. ಯಾರೂ ಸುಳ್ಳು ಹೇಳಿರಲಿಲ್ಲ. ಎರಡು ಖರೆ ಮಾತು ಒಂದಕ್ಕೊಂದು ಕೂಡದಿದ್ದಾಗ ನಡುವೆ ಕಾಣದ ಒಂದು ತೂತು ಇರುತ್ತದೆ ಎಂದು, ಐಟಿಐ ಓದಿ ಮೂವತ್ತು ವರ್ಷ ಕೈ ಕರಿ ಮಾಡಿಕೊಂಡಿದ್ದರೂ, ನಾನು ಒಮ್ಮೆಯೂ ಯೋಚಿಸಲಿಲ್ಲ.

ಕಲಬುರಗಿಗೆ ಹೋಗಿ ಗುಜರಿಯಲ್ಲಿ ಒಂದು ಒಳ್ಳೆಯ ಮ್ಯಾನಿಫೋಲ್ಡ್ ಹುಡುಕಿ ತಂದೆ. ಭಾನುವಾರ ಕೂರಿಸಿದೆ. ಹೊಸ ಗ್ಯಾಸ್ಕೆಟ್, ಹೊಸ ಬೀಡಿಂಗ್. ಟೇಪು ಕಿತ್ತೆ. ಸ್ಕ್ಯಾನರಿನಲ್ಲಿ ವೋಲ್ಟೇಜು ಏರಿಳಿಯತೊಡಗಿತು, ಹೊಗೆ ನಿಂತಿತು. ಸಂಜೆ ಮನೆಗೆ ಹೋಗಿ ಹೆಂಡತಿ ಜೈನಾಬಿಗೆ ಎಲ್ಲ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಉನೋಂಕು ಬೋಲೇ ಕ್ಯಾ?" ಎಂದಳು. ಅವರಿಗೆ ಹೇಳಿದಿರಾ ಎಂದು. ನಾಳೆ ಮಾಳಪ್ಪ ಗಾಡಿಗೆ ಬರುತ್ತಾನೆ, ಆಗ ಹೇಳುತ್ತೇನೆ ಎಂದೆ. ಆಕೆ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಸೋಮವಾರ ಮಾಳಪ್ಪ ಬರಲಿಲ್ಲ. ಹೆಂಡತಿ ಹೋಗಲೊಲ್ಲೆ ಅಂದಮೇಲೆ ಅವನಿಗೆ ಗಾಡಿಯ ಅವಸರವೇನು? ಇಡೀ ದಿನ ದಾರಿ ನೋಡಿದೆ. ಅವನ ನಂಬರು ನನ್ನ ಫೋನಿನಲ್ಲೇ ಇತ್ತು, ಆದರೂ ಫೋನ್ ಮಾಡಲಿಲ್ಲ. ಮಂಗಳವಾರ ಬೆಳಿಗ್ಗೆ ತಡೆಯಲಾಗದೆ ಅವನ ಗಾಡಿಯನ್ನೇ ತೆಗೆದುಕೊಂಡು ಅವನ ಊರಿಗೆ ಹೋದೆ.

ನಿಂಗಮ್ಮ ಮನೆಯ ಮುಂದೆ ಬಿಸಿಲಿಗೆ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಕಾಲು ಬಾತು ಹೊಳೆಯುತ್ತಿದ್ದವು, ಮುಖ ಗುರುತು ಸಿಗದ ಹಾಗೆ ಆಗಿತ್ತು. ಕೊನೆಯ ಸಲ ಡಯಾಲಿಸಿಸ್ ಆಗಿ ಎಂಟು ದಿನ. ಮಾಳಪ್ಪ ಪಕ್ಕದಲ್ಲಿ ನಿಂತಿದ್ದ. ನಾನು ನೆಲದ ಮೇಲೆ ಕೂತೆ.

"ತಂಗಿ, ತಪ್ಪು ಮಷಿನ್ದಲ್ಲ. ಗಾಡಿದು," ಎಂದೆ. "ನೀ ಕುಂದರೋ ಸೀಟಿನ ಕೆಳಗ ಕೊಳವಿ ಬಿರುಕು ಬಿಟ್ಟಿತ್ತು. ವಿಷದ ಗ್ಯಾಸ್ ಒಳಗ ಬರಾಕತ್ತಿತ್ತು. ಅದಕ್ಕ ತಲಿನೋವು, ಅದಕ್ಕ ವಾಂತಿ. ಸೀಟಿನ ರಬ್ಬರ್ ಕಿತ್ತಾವ ನಾ. ದೀಪ ಮುಚ್ಚಿದಾವನೂ ನಾನ."

ಆಕೆ ಬೈಯಬಹುದು ಎಂದುಕೊಂಡಿದ್ದೆ. ನನ್ನ ತಪ್ಪಿನ ಮಾತು ಆಕೆಯ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. ಉಸಿರು ತೆಗೆದುಕೊಂಡು ಕೇಳಿದಳು: "ಹಂಗಾರ ಮಷಿನಿಗಿ ಹೋದ್ರ ನಾ ಬದುಕ್ತೀನೇನಣ್ಣ?"

ನಾನು ಡಾಕ್ಟರಲ್ಲ. ಆದರೂ ಹೌದು ಎಂದೆ.

ಆಕೆ ಗಂಡನ ಕಡೆ ತಿರುಗಿ, "ನನ್ನ ಸೀರಿ ಕೊಡು, ಹೋಗೂಣು," ಎಂದಳು. ಇಷ್ಟೇ. ವಾರದಿಂದ ಸಾಯುತ್ತೇನೆ ಎಂದು ಹಟ ಹಿಡಿದ ಹೆಂಗಸು ಸಾಯುವುದನ್ನು ಬಯಸಿಯೇ ಇರಲಿಲ್ಲ. ಆ ತಲೆನೋವಿಗೆ ಹೆದರಿದ್ದಳು. ನಾವಿಬ್ಬರೂ ಹಿಡಿದು ಗಾಡಿಗೆ ಹತ್ತಿಸಿದೆವು. ಹಿಂದಿನ ಸೀಟಿನಲ್ಲಿ ಕೂರಲು ಹೇಳಿದೆ, ಒಪ್ಪಲಿಲ್ಲ. ನೀವು ಸರಿ ಮಾಡೀರಲ್ಲ ಎಂದು ಮುಂದೆಯೇ ಕೂತಳು. ನಾನು ನಡೆಸಿದೆ. ಭೀಮಾ ಸೇತುವೆ ದಾಟುವಾಗ ಆಕೆ ನನ್ನ ಕಡೆ ನೋಡಿ, ತಲಿ ನೋಯವಲ್ದು ಎಂದಳು. ನನಗೆ ರಸ್ತೆ ಮಸುಕಾಯಿತು.

ಯಾದಗಿರಿಯಲ್ಲಿ ಪಾಳಿ ಕಾಯಿಸದೆ ಒಳಗೆ ತೆಗೆದುಕೊಂಡರು. ಮಂಗಳವಾರ ಒಮ್ಮೆ, ಬುಧವಾರ ಮತ್ತೊಮ್ಮೆ ಡಯಾಲಿಸಿಸ್ ಮಾಡಿದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು, ಹೃದಯ ಸೋತಿತ್ತು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಂಗಮ್ಮ ತೀರಿಕೊಂಡಳು. ಗ್ಯಾಸಿನ ವಿಷಯ ಡಾಕ್ಟರಿಗೆ ಹೇಳಿದ್ದೆ. ಅದರ ಪಾಲು ಎಷ್ಟೆಂದು ಈಗ ಹೇಳಲಾಗದು, ಆಕೆಗೆ ಮೊದಲೇ ರಕ್ತ ಕಡಿಮೆ, ಸ್ವಲ್ಪ ಗ್ಯಾಸಿಗೂ ಹೆಚ್ಚು ನರಳಿರಬೇಕು ಎಂದರು. ಆಮೇಲೆ ಮಾಳಪ್ಪನಿಗೆ ಮೆಲ್ಲಗೆ ಹೇಳಿದ ಮಾತು ಬಾಗಿಲ ಬಳಿ ನಿಂತಿದ್ದ ನನಗೂ ಕೇಳಿತು. ಎರಡು ಪಾಳಿ ತಪ್ಪಿದಾಗಲೇ ಕರೆತಂದಿದ್ದರೆ ಉಳಿಸಿಕೊಳ್ಳುವ ದಾರಿ ಇತ್ತಂತೆ.

ದಿನಕರ್ಮ ಎಲ್ಲ ಮುಗಿಸಿ ಎರಡು ವಾರದ ಮೇಲೆ ಮಾಳಪ್ಪ ಗ್ಯಾರೇಜಿಗೆ ಬಂದ. ಗಾಡಿ ನನ್ನಲ್ಲೇ ಇತ್ತು. ಚಹಾ ತರಿಸಿದೆ, ಕುಡಿಯಲಿಲ್ಲ. ಬೆಂಚಿನ ಮೇಲೆ ಕೂತು ಕೇಳಿದ.

"ಮಿಸ್ತ್ರಿ, ನಿಮಗ ಯಾವತ್ತ ಗೊತ್ತಾತ್ರಿ?"

ಸುಳ್ಳು ಹೇಳುವುದು ಸುಲಭವಿತ್ತು. ಬಿರುಕನ್ನು ಕಣ್ಣಿಗೆ ಕಂಡಿದ್ದು ಶನಿವಾರ, ಕೆಲಸ ಮುಗಿದಿದ್ದು ಭಾನುವಾರ. ಎರಡರಲ್ಲಿ ಒಂದನ್ನು ಹೇಳಿದ್ದರೂ ಅವನು ನಂಬುತ್ತಿದ್ದ. "ಶುಕ್ರವಾರ," ಎಂದೆ. "ಆಕಿ ಸೀಟಿನ್ಯಾಗ ಕುಂತಾಗನ."

ಅವನು ಬಲಗೈಯ ಬೆರಳು ಒಂದೊಂದೇ ಮಡಚಿದ. ಶುಕ್ರವಾರ, ಶನಿವಾರ, ಐತವಾರ, ಸೋಮವಾರ. ಮಡಚಿದ ನಾಲ್ಕು ಬೆರಳನ್ನು ನೋಡುತ್ತ ಕೂತ. "ಶನಿವಾರ ಹೇಳಿದ್ರೂ ಆಕಿ ಬರ್ತಿದ್ಲ್ರಿ," ಎಂದ. ಗಾಡಿಯ ಚಾವಿ ತೆಗೆದುಕೊಂಡು ಎದ್ದು ಹೋದ.

ಗಾಡಿ ಸರಿ ಮಾಡಿದರೆ ನನ್ನ ಕೆಲಸ ಮುಗಿಯಿತು ಎಂದು ಅಲ್ಲಿಯವರೆಗೂ ತಿಳಿದಿದ್ದೆ. ಗಾಡಿಯಲ್ಲಿ ಕೂರುವವರಿಗೆ ಆದದ್ದನ್ನು ಹೇಳುವುದು ಅದಕ್ಕಿಂತ ಮೊದಲಿನ ಕೆಲಸ ಎಂದು ಈ ಕೇಸಿನಿಂದ ಕಲಿತೆ. ಈಗ ಏನಾದರೂ ಅಪಾಯದ ದೋಷ ಕಂಡರೆ ಸ್ಪ್ಯಾನರ್ ಹಿಡಿಯುವ ಮೊದಲು ಫೋನ್ ಹಿಡಿಯುತ್ತೇನೆ, ತಪ್ಪು ನನ್ನದಾಗಿದ್ದರೆ ಅದನ್ನೂ ಅದೇ ಫೋನಿನಲ್ಲಿ ಹೇಳುತ್ತೇನೆ. ಕೆಲವರು ಬಾಯಿಗೆ ಬಂದಂತೆ ಬೈಯುತ್ತಾರೆ, ಇಬ್ಬರು ಗಿರಾಕಿಗಳು ಮತ್ತೆ ನನ್ನ ಗ್ಯಾರೇಜಿನ ಮೆಟ್ಟಿಲು ಹತ್ತಿಲ್ಲ. ಅವರು ಬೈಯುವಾಗ ನನಗೆ ಹಗುರ ಅನ್ನಿಸುತ್ತದೆ. ಮಾಳಪ್ಪ ಬೈಯಲೇ ಇಲ್ಲ.